ಹಳೆಯ ಕಾರಿನ ಮಿದುಳು ಕೆಟ್ಟಾಗ

ಕಂಪ್ಯೂಟರ್ ಎಂದೊಡನೆ ನಮಗೆ ನೆನಪಾಗುವುದು ಮೇಜಿನ ಮೇಲಿನ ಪರದೆ ಮತ್ತು ಕೀಲಿಮಣೆ. ಇವೆರಡೂ ಇಲ್ಲದ ಇನ್ನೊಂದು ಕಂಪ್ಯೂಟರ್ ದಿನವೂ ನಮ್ಮನ್ನು ಶಾಲೆಗೂ ಕಚೇರಿಗೂ ಕರೆದೊಯ್ಯುತ್ತದೆ. ಅದು ಕಾರಿನ ಡ್ಯಾಶ್‌ಬೋರ್ಡಿನ ಹಿಂದೆ, ಊಟದ ಡಬ್ಬಿಯಷ್ಟು ದೊಡ್ಡ ಲೋಹದ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಬಲ್ಲವರು ಅದನ್ನು ಇ.ಸಿ.ಯು. ಎನ್ನುತ್ತಾರೆ, ಅಂದರೆ ಎಂಜಿನ್ ನಿಯಂತ್ರಣ ಘಟಕ. ಗ್ಯಾರೇಜಿನಲ್ಲಿ ಬರಿಯ 'ಕಂಪ್ಯೂಟರ್' ಎಂದರೂ ಸಾಕು.

ಕಾರು ಹಳೆಯದಾಗಿ ದಾರಿಯಲ್ಲಿ ನಿಲ್ಲತೊಡಗಿದಾಗ "ಕಂಪ್ಯೂಟರ್ ಹೋಗಿದೆ, ಬದಲಾಯಿಸಬೇಕು" ಎಂಬ ಮಾತು ಕೇಳಿಬರುವುದುಂಟು. ಇದನ್ನು ಕೇಳಿದ ಕೂಡಲೇ ನಮ್ಮಂಥವರ ಕೈ ಜೇಬಿನ ಮೇಲೆ ಹೋಗುತ್ತದೆ. ಕೆಲವರು ಹೇಳಿದಷ್ಟು ಹಣ ಕೊಟ್ಟು ಹೊಸದನ್ನು ಹಾಕಿಸುತ್ತಾರೆ. ಕೆಲವರು ಕಾರನ್ನೇ ಗುಜರಿಗೆ ಕೊಡುತ್ತಾರೆ. ಈ ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಕೆಟ್ಟಿರುವುದು ನಿಜವಾಗಿಯೂ ಕಂಪ್ಯೂಟರೇ ಎಂದು ಅಳೆದು ನೋಡುವುದು. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಕಾರಿಗೂ ಈ ಗತಿ ಬಂದಾಗ ನಾವು ಕಲಿತದ್ದನ್ನು ಶಾಲೆಯ ಮಕ್ಕಳಿಗೂ ಪಾಲಕರಿಗೂ ಉಪಯೋಗವಾಗಲೆಂದು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಚೋಕ್ ಎಳೆಯುತ್ತಿದ್ದ ಕಾಲ

ನಮ್ಮ ತಂದೆಯವರ ಕಾಲದ ಅಂಬಾಸಿಡರ್, ಫಿಯಟ್ ಕಾರುಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕೆಲಸ ಕಾರ್ಬುರೇಟರ್‌ನದು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು, ಎಂಜಿನ್ ಬಿಸಿಯಾದ ಮೇಲೆ ಮರಳಿ ಒತ್ತುವುದು ಚಾಲಕನ ಕೆಲಸ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆಗ ಚಾಲಕನೇ ಕಂಪ್ಯೂಟರ್!

ಆದರೆ ಕಾರುಗಳ ಹೊಗೆಯ ಬಗ್ಗೆ ಅಮೆರಿಕದಲ್ಲಿ ಕಾನೂನು ಬಿಗಿಯಾಗತೊಡಗಿದಂತೆ ಅಂದಾಜಿನ ಲೆಕ್ಕ ಸಾಲದಾಯಿತು. 1967ರಲ್ಲಿ ಜರ್ಮನಿಯ ಬಾಷ್ ಕಂಪನಿಯ 'ಡಿ-ಜೆಟ್ರಾನಿಕ್' ಎಂಬ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂತು. ಅದರಲ್ಲಿ ಇನ್ನೂ ಮೈಕ್ರೋಪ್ರೊಸೆಸರ್ ಇರಲಿಲ್ಲ, ಟ್ರಾನ್ಸಿಸ್ಟರ್‌ಗಳೇ ಲೆಕ್ಕ ನಡೆಸುತ್ತಿದ್ದವು. 1979ರಲ್ಲಿ ಬಿ.ಎಂ.ಡಬ್ಲ್ಯು. 732ಐ ಕಾರಿನಲ್ಲಿ ಬಂದ 'ಮೋಟ್ರಾನಿಕ್' ಪೆಟ್ರೋಲ್ ಸಿಂಪಡಿಸುವುದನ್ನೂ ಕಿಡಿ ಹೊತ್ತಿಸುವುದನ್ನೂ ಒಂದೇ ಡಿಜಿಟಲ್ ಕಂಪ್ಯೂಟರಿಗೆ ಒಪ್ಪಿಸಿತು. ಭಾರತದಲ್ಲಿ 2000ದ ಹೊತ್ತಿಗೆ ಮಾರುತಿ ಕಾರುಗಳ ಹಿಂಬದಿಯಲ್ಲಿ 'ಎಂ.ಪಿ.ಎಫ್.ಐ.' ಎಂಬ ಅಕ್ಷರಗಳು ಕಾಣತೊಡಗಿದ್ದು ಹಲವರಿಗೆ ನೆನಪಿರಬಹುದು. ಕಾರ್ಬುರೇಟರ್ ಹೋಗಿ ಕಂಪ್ಯೂಟರ್ ಬಂತು ಎಂಬುದೇ ಅದರ ಅರ್ಥ.

ಈ ಬಾಷ್ ಕಂಪನಿ ಬೆಂಗಳೂರಿನವರಿಗೆ ಹೊಸದಲ್ಲ. 1951ರಲ್ಲಿ ಆರಂಭವಾದ, ಆಡುಗೋಡಿಯ 'ಮೈಕೋ' ಕಾರ್ಖಾನೆಯ ಕಂಪನಿಯೇ 2008ರಿಂದ ಬಾಷ್ ಎಂಬ ಹೆಸರಿನಲ್ಲಿದೆ. ಇಂದು ಕಾರುಗಳ ಕಂಪ್ಯೂಟರಿಗೆ ಬೇಕಾದ ತಂತ್ರಾಂಶ ಬರೆಯುವ ಎಂಜಿನಿಯರುಗಳು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ.

ಒಂದು ಸೆಕೆಂಡಿಗೆ ನೂರು ಕಿಡಿ

ಈ ಪೆಟ್ಟಿಗೆ ಮಾಡುವ ಕೆಲಸವೇನು? ಸುಲಭವಾದ ಒಂದು ಲೆಕ್ಕ ಮಾಡಿ ನೋಡೋಣ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 50 ಸುತ್ತು. ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಕಿಡಿ ಹೊತ್ತಬೇಕು. ಹಾಗಾದರೆ ಒಂದು ಸಿಲಿಂಡರಿಗೆ ಸೆಕೆಂಡಿಗೆ 25, ನಾಲ್ಕಕ್ಕೂ ಸೇರಿ 100 ಕಿಡಿ. ಪ್ರತಿ ಕಿಡಿಗೂ ಮುನ್ನ ಎಷ್ಟು ಪೆಟ್ರೋಲ್ ಬೇಕು, ಯಾವ ಕ್ಷಣದಲ್ಲಿ ಹೊತ್ತಿಸಬೇಕು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಪ್ರಮಾಣ ತಪ್ಪಿದರೆ ಒಂದೋ ಪೆಟ್ರೋಲ್ ದಂಡ, ಇಲ್ಲವೇ ಎಂಜಿನ್ ಎಡವುತ್ತದೆ.

ಲೆಕ್ಕಕ್ಕೆ ಬೇಕಾದ ಮಾಹಿತಿಯನ್ನು ಸೆನ್ಸರ್‌ಗಳು ಕೊಡುತ್ತವೆ. ಎಂಜಿನ್ನಿನ ವೇಗ, ಒಳಬರುವ ಗಾಳಿ, ನೀರಿನ ಬಿಸಿ, ಚಾಲಕ ಒತ್ತಿದ ಪೆಡಲ್, ಹೊಗೆಯಲ್ಲಿ ಉಳಿದ ಆಮ್ಲಜನಕ ಇವೆಲ್ಲ ವೋಲ್ಟೇಜಿನ ರೂಪದಲ್ಲಿ ಕಂಪ್ಯೂಟರನ್ನು ತಲುಪುತ್ತವೆ. ಕಂಪ್ಯೂಟರಿಗೆ ಕಣ್ಣಿಲ್ಲ, ಮೂಗಿಲ್ಲ. ತಂತಿಯಲ್ಲಿ ಬಂದ ವೋಲ್ಟೇಜೇ ಅದಕ್ಕೆ ಸತ್ಯ.

ಹತ್ತನೇ ತರಗತಿಯ ಮಕ್ಕಳು ಓಮ್‌ನ ನಿಯಮ ಓದಿರುತ್ತಾರೆ. ನೀರಿನ ಬಿಸಿ ಅಳೆಯುವ ಸೆನ್ಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಬಿಸಿಯಾದಷ್ಟೂ ತಡೆ ಕಡಿಮೆಯಾಗುವ ಒಂದು ಪುಟ್ಟ ಸಾಧನ. ಕಂಪ್ಯೂಟರ್ ತನ್ನೊಳಗಿನ 2500 ಓಮ್ ತಡೆಯ ಮೂಲಕ ಅದಕ್ಕೆ 5 ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಎಂಜಿನ್ ತಣ್ಣಗಿದ್ದಾಗ ಸೆನ್ಸರಿನ ತಡೆಯೂ 2500 ಓಮ್ ಇದ್ದರೆ ಕಂಪ್ಯೂಟರಿಗೆ ಕಾಣುವುದು 2.5 ವೋಲ್ಟ್. ಎಂಜಿನ್ 80 ಡಿಗ್ರಿ ಬಿಸಿಯಾಗಿ ತಡೆ 300 ಓಮ್‌ಗೆ ಇಳಿದರೆ ಕಾಣುವುದು ಸುಮಾರು 0.54 ವೋಲ್ಟ್. ಈಗ ತಂತಿ ಸೇರುವ ಜಾಗದಲ್ಲಿ ತುಕ್ಕು ಹಿಡಿದು 200 ಓಮ್ ಹೆಚ್ಚಾಯಿತೆನ್ನಿ. ಕಾಣುವ ವೋಲ್ಟೇಜ್ 0.83ಕ್ಕೆ ಏರುತ್ತದೆ. ಎಂಜಿನ್ ಇನ್ನೂ ಸಾಕಷ್ಟು ಬಿಸಿಯಾಗಿಲ್ಲ ಎಂದು ತಿಳಿದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಹೊಗೆ ಕಪ್ಪಾಗುತ್ತದೆ, ಪೆಟ್ರೋಲ್ ಬೇಗ ಮುಗಿಯುತ್ತದೆ. ಇಲ್ಲಿ ಕಂಪ್ಯೂಟರಿನ ಲೆಕ್ಕ ಸರಿಯಾಗಿಯೇ ಇದೆ, ಅದಕ್ಕೆ ಬಂದ ಸುದ್ದಿ ಮಾತ್ರ ಸುಳ್ಳು. ಈ ಉದಾಹರಣೆಯನ್ನು ನೆನಪಿನಲ್ಲಿಡಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಕಂಪ್ಯೂಟರ್ ನಿಜವಾಗಿ ಕೆಡುವುದು ಹೇಗೆ?

ಕಾರಿನ ಇತರ ಭಾಗಗಳಂತೆ ಕಂಪ್ಯೂಟರ್ ಸವೆಯುವುದಿಲ್ಲ, ಏಕೆಂದರೆ ಅದರಲ್ಲಿ ಚಲಿಸುವ ಭಾಗಗಳಿಲ್ಲ. ಆದರೂ ಅದಕ್ಕೆ ಶತ್ರುಗಳಿದ್ದಾರೆ. ಮೊದಲನೆಯದು ನೀರು. ಗಾಜಿನ ರಬ್ಬರ್ ಹಳೆಯದಾದರೆ ಕಾರು ತೊಳೆಯುವಾಗ ನೀರು ಒಳಗಿಳಿಯುತ್ತದೆ. ಎರಡನೆಯದು ಅತಿಯಾದ ವಿದ್ಯುತ್ತು. ಇನ್ನೊಂದು ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಾಗ ಕೆಂಪು, ಕಪ್ಪು ತಂತಿಗಳನ್ನು ಅದಲುಬದಲು ಹಾಕಿದರೆ ಕ್ಷಣದಲ್ಲಿ ಸುಟ್ಟುಹೋಗಬಹುದು. ಮೂರನೆಯದು ಹೊರಗಿನ ಶಾರ್ಟ್. ಇಂಜೆಕ್ಟರಿನ ಸುರುಳಿ ಶಾರ್ಟ್ ಆದರೆ ಅದನ್ನು ನಡೆಸುವ ಕಂಪ್ಯೂಟರಿನೊಳಗಿನ ಟ್ರಾನ್ಸಿಸ್ಟರ್ ಸುಡುತ್ತದೆ. ನಾಲ್ಕನೆಯದು ವರ್ಷಗಟ್ಟಲೆಯ ಬಿಸಿ ಮತ್ತು ಅಲುಗಾಟದಿಂದ ಬಿರುಕು ಬಿಡುವ ಬೆಸುಗೆ.

ಐದನೆಯದು ಹಳೆಯ ಕಾರುಗಳಿಗೆ ಕಾದಿರುವ ವಿಶೇಷ ಕಾಯಿಲೆ: ಸೋರುವ ಕೆಪಾಸಿಟರ್. ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳೊಳಗೆ ಅಲ್ಯೂಮಿನಿಯಂ ಹಾಳೆ ಮತ್ತು ರಾಸಾಯನಿಕ ದ್ರವದಲ್ಲಿ ನೆನೆಸಿದ ಕಾಗದ ಸುತ್ತಿರುತ್ತದೆ. ಕೆಳಗೆ ರಬ್ಬರಿನ ಬಿರಡೆ. ವರ್ಷಗಳು ಕಳೆದಂತೆ ರಬ್ಬರ್ ಗಟ್ಟಿಯಾಗಿ ದ್ರವ ಹೊರಬರುತ್ತದೆ. ಅದು ಬೋರ್ಡಿನ ತಾಮ್ರದ ಗೆರೆಗಳನ್ನು ನಿಧಾನವಾಗಿ ತಿಂದುಹಾಕುತ್ತದೆ. 1990ರ ದಶಕದ ಮೊದಲ ವರ್ಷಗಳ ಮಿತ್ಸುಬಿಷಿ ಎಕ್ಲಿಪ್ಸ್, ಲೆಕ್ಸಸ್ ಎಲ್.ಎಸ್. 400 ಮುಂತಾದ ಕಾರುಗಳನ್ನು ಉಳಿಸಿಕೊಂಡವರಿಗೆ ಇದು ಚಿರಪರಿಚಿತ. 2000ದ ದಶಕದ ಆರಂಭದಲ್ಲಿ ಮನೆಯ ಕಂಪ್ಯೂಟರುಗಳ ಮದರ್‌ಬೋರ್ಡುಗಳಲ್ಲೂ ಕೆಪಾಸಿಟರ್‌ಗಳು ಉಬ್ಬಿ ಸೋರಿದ್ದನ್ನು ಹಲವು ಪಾಲಕರು ಕಂಡಿರಬಹುದು.

ಇದರಲ್ಲಿ ಕೊಲ್ಲಿಯ ಬಿಸಿಲಿನ ಪಾಲೂ ಇದೆ. ಬಿಸಿ 10 ಡಿಗ್ರಿ ಏರಿದರೆ ಇಂಥ ಕೆಪಾಸಿಟರಿನ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕೆಪಾಸಿಟರ್ 85 ಡಿಗ್ರಿಯಲ್ಲಿ 8000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ಜುಲೈ ತಿಂಗಳಲ್ಲಿ ಹೊರಗೆ 45 ಡಿಗ್ರಿ ಇರುವಾಗ, ನೆರಳಿಲ್ಲದೆ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿ ದಾಟುವುದುಂಟು. ಊರಿನ ತಂಪಿನಲ್ಲಿ ಓಡುವ ಕಾರಿಗೂ ಇಲ್ಲಿ ಓಡುವ ಕಾರಿಗೂ ಇರುವ ವ್ಯತ್ಯಾಸವನ್ನು ಮಕ್ಕಳೇ ಲೆಕ್ಕ ಹಾಕಬಹುದು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ನಮ್ಮಲ್ಲಿದೆ. ಕಾರಿನ ಕಂಪ್ಯೂಟರಿನ ವಿಷಯದಲ್ಲಿ ಇದು ಬಹಳ ಸಲ ನಿಜವಾಗುತ್ತದೆ. ಕಾಯಿಲೆ ಬ್ಯಾಟರಿಯದೋ ತಂತಿಯದೋ ಸೆನ್ಸರಿನದೋ ಆಗಿರುತ್ತದೆ, ಬರೆ ಬೀಳುವುದು ಕಂಪ್ಯೂಟರಿಗೆ. ಆದ್ದರಿಂದ ಕಂಪ್ಯೂಟರನ್ನು ಕೊನೆಯಲ್ಲಿ ಅನುಮಾನಿಸಬೇಕು. ಅದಕ್ಕೂ ಮುಂಚೆ ಈ ಕ್ರಮದಲ್ಲಿ ನೋಡುವುದು ಒಳ್ಳೆಯದು.

ಮೊದಲು ಬ್ಯಾಟರಿ. ಪೂರ್ತಿ ಚಾರ್ಜ್ ಆಗಿರುವ ಬ್ಯಾಟರಿ ಎಂಜಿನ್ ನಿಂತಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಕಂಪ್ಯೂಟರ್ ತಬ್ಬಿಬ್ಬಾಗುವ ಸಾಧ್ಯತೆ ಇದೆ.

ಎರಡನೆಯದಾಗಿ ಫ್ಯೂಸ್ ಮತ್ತು ಮುಖ್ಯ ರಿಲೇ. ಕಂಪ್ಯೂಟರಿಗೆ ವಿದ್ಯುತ್ ಕೊಡುವ ಸಣ್ಣ ರಿಲೇ ಬಿಸಿಯಲ್ಲಿ ಕೈಕೊಟ್ಟರೂ ಕಾರು ನಿಲ್ಲುತ್ತದೆ. ಅದರ ಬೆಲೆ ಕಂಪ್ಯೂಟರಿನ ಬೆಲೆಯ ಮುಂದೆ ಏನೂ ಅಲ್ಲ.

ಮೂರನೆಯದಾಗಿ ಅರ್ತ್ ತಂತಿಗಳು. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಕಂಪ್ಯೂಟರಿನ ಅರ್ತ್ ತಂತಿಗೂ ಮುಟ್ಟಿಸಿದರೆ ಸೊನ್ನೆಗೆ ಹತ್ತಿರದ ಅಂಕಿ ಬರಬೇಕು. 0.1 ವೋಲ್ಟ್ ದಾಟಿದರೆ ಎಲ್ಲೋ ತುಕ್ಕು ಅಥವಾ ಸಡಿಲ ಇದೆ ಎಂದರ್ಥ.

ನಾಲ್ಕನೆಯದಾಗಿ ದೋಷದ ಸಂಕೇತಗಳು. 1996ರ ಮಾದರಿಯಿಂದ ಅಮೆರಿಕದಲ್ಲಿ ಮಾರುವ ಕಾರುಗಳಿಗೆಲ್ಲ ಒಂದೇ ಬಗೆಯ ಪರೀಕ್ಷಾ ಸಾಕೆಟ್ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ವ್ಯವಸ್ಥೆಯ ಕಾರುಗಳಲ್ಲಿ ದೀಪ ಮಿನುಗುವುದನ್ನು ಎಣಿಸಬೇಕು. ಉದಾಹರಣೆಗೆ ಅಂದಿನ ಟೊಯೊಟಾ ಕಾರುಗಳಲ್ಲಿ ಪರೀಕ್ಷಾ ಪೆಟ್ಟಿಗೆಯ ಟಿ.ಇ.1, ಇ.1 ಎಂಬ ಎರಡು ಬಿಂದುಗಳನ್ನು ತಂತಿಯಿಂದ ಜೋಡಿಸಿ ಕೀ ತಿರುಗಿಸಿದರೆ ಎಂಜಿನ್ ದೀಪ ಮಿನುಗುತ್ತದೆ. ಎರಡು ಸಲ ಮಿನುಗಿ, ತಡೆದು, ಮತ್ತೆ ಎರಡು ಸಲ ಮಿನುಗಿದರೆ 22, ಅಂದರೆ ನೀರಿನ ಬಿಸಿಯ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ. 'ಸರ್ಕ್ಯೂಟಿನಲ್ಲಿ' ಎಂಬ ಮಾತು ಮುಖ್ಯ. ಸೆನ್ಸರ್, ತಂತಿ, ಸಾಕೆಟ್ ಇವುಗಳಲ್ಲಿ ಯಾವುದೂ ಕೆಟ್ಟಿರಬಹುದು.

ಇವೆಲ್ಲ ಸರಿಯಿದ್ದೂ ಕೀ ತಿರುಗಿಸಿದಾಗ ಎಂಜಿನ್ ದೀಪವೇ ಹೊತ್ತದಿದ್ದರೆ (ಬಲ್ಬ್ ಸರಿಯಿದೆ ಎಂದು ನೋಡಿಕೊಂಡ ಮೇಲೆ), ಸೆನ್ಸರ್‌ಗಳಿಗೆ ಹೋಗಬೇಕಾದ 5 ವೋಲ್ಟ್ ಬಾರದಿದ್ದರೆ ಆಗ ಕಂಪ್ಯೂಟರಿನ ಕಡೆ ನೋಡಬೇಕು. ಆಗಲೂ ಒಂದು ಪರೀಕ್ಷೆ ಬಾಕಿ ಇದೆ. ಸೆನ್ಸರ್‌ಗಳ ಸಾಕೆಟುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಬೇಕು. ಯಾವುದಾದರೊಂದನ್ನು ಬಿಡಿಸಿದಾಗ 5 ವೋಲ್ಟ್ ಮರಳಿ ಬಂದರೆ ಶಾರ್ಟ್ ಆಗಿದ್ದು ಆ ಸೆನ್ಸರ್ ಅಥವಾ ಅದರ ತಂತಿ. ಎಲ್ಲವನ್ನೂ ಬಿಡಿಸಿದರೂ ಬಾರದಿದ್ದರೆ, ತಂತಿಗಳೂ ಸರಿಯಿದ್ದರೆ, ಅನುಮಾನ ಕಂಪ್ಯೂಟರಿನ ಮೇಲೆ ಗಟ್ಟಿಯಾಗುತ್ತದೆ.

ನಮ್ಮ ಕಾರಿಗೆ ಆದದ್ದು

ನಮ್ಮದು ಜಪಾನಿನಲ್ಲಿ 1990ರ ದಶಕದಲ್ಲಿ ತಯಾರಾದ, ನಾವು ಸೆಕೆಂಡ್ ಹ್ಯಾಂಡ್ ಕೊಂಡ ಗಟ್ಟಿಮುಟ್ಟಾದ ಕಾರು. ಕಳೆದ ಜುಲೈಯಲ್ಲಿ ಅದು ಸಿಗ್ನಲ್‌ಗಳಲ್ಲಿ ನಿಲ್ಲತೊಡಗಿತು. ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಓಡುವ ಕಾರಿನ ಎಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲೂ ಗಟ್ಟಿಯಾಗುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವ ಮಾತೇ ಇಲ್ಲ. ಅಂದಿನಿಂದ ಕಾರು ಮನೆಯ ಮುಂದೆ ನಿಂತಿತು.

ಮೊದಲು ಕರೆದೊಯ್ದ ಗ್ಯಾರೇಜಿನಲ್ಲಿ ಐದು ನಿಮಿಷ ನೋಡಿ, "ಕಂಪ್ಯೂಟರ್ ಹೋಗಿದೆ. ಇಷ್ಟು ಹಳೆಯ ಕಾರಿಗೆ ಇಷ್ಟು ಖರ್ಚು ಮಾಡಬೇಡಿ, ಮಾರಿಬಿಡಿ" ಎಂದರು. ಏನನ್ನು ಅಳೆದು ಹೇಳಿದಿರಿ ಎಂದು ಕೇಳಿದೆವು. ಉತ್ತರ ಬರಲಿಲ್ಲ. ನಮ್ಮ ಮಗಳು ಈಗ ಹನ್ನೆರಡನೇ ತರಗತಿ. ಬರುವ ವರ್ಷದ ಕಾಲೇಜು ಫೀಸಿಗೆಂದು ಕೂಡಿಟ್ಟದ್ದನ್ನು ಹೊಸ ಕಾರಿನ ಮುಂಗಡಕ್ಕೆ ಕೊಡುವ ಮನಸ್ಸು ನಮಗಿರಲಿಲ್ಲ. ಪರಿಚಯದ ಆಟೋ ಎಲೆಕ್ಟ್ರೀಷಿಯನ್ ಒಬ್ಬರನ್ನು ಮನೆಗೇ ಕರೆಸಿದೆವು. ಅವರು ಕುಂದಾಪುರದ ಕಡೆಯವರು. "ಅಳೀದೆ ಹೇಳೂಕಾತ್ತಿಲ್ಲ ಮಾರಾಯ್ರೆ" ಎಂದವರೇ ಮಲ್ಟಿಮೀಟರ್ ತೆಗೆದರು. ಅಂಕಿಗಳನ್ನು ಬರೆದುಕೊಳ್ಳುವ ಕೆಲಸ ಮಗಳದಾಯಿತು.

ಬ್ಯಾಟರಿ ಸರಿಯಿತ್ತು. ರಿಲೇ ಸರಿಯಿತ್ತು. ಎಂಜಿನ್ನಿಗೆ ಬೋಲ್ಟ್ ಮಾಡಿದ್ದ ಅರ್ತ್ ತಂತಿಯಲ್ಲಿ ಮಾತ್ರ 0.6 ವೋಲ್ಟ್ ಕಾಣಿಸಿತು. ಬೋಲ್ಟ್ ಬಿಚ್ಚಿದರೆ ಕೆಳಗೆಲ್ಲ ತುಕ್ಕು. ಉಜ್ಜಿ, ಹೊಸ ತುದಿ ಹಾಕಿ ಬಿಗಿದ ಮೇಲೆ ಅಂಕಿ ಸೊನ್ನೆಯ ಹತ್ತಿರ ಬಂತು. ಕಪ್ಪು ಹೊಗೆ ನಿಂತಿತು. ಆದರೆ ಮೂರನೆಯ ದಿನ ನಡುಮಧ್ಯಾಹ್ನ, ಮನೆಯ ಮುಂದೆಯೇ ಓಡಿಸಿ ಇಟ್ಟಿದ್ದ ಎಂಜಿನ್ ಮತ್ತೆ ನಿಂತಿತು. ಈ ಸಲ ಕೀ ತಿರುಗಿಸಿದರೆ ಎಂಜಿನ್ ದೀಪ ಹೊತ್ತಲಿಲ್ಲ. ಕಂಪ್ಯೂಟರಿನ ಸಾಕೆಟಿನಲ್ಲಿ 12 ವೋಲ್ಟ್ ಪೂರ್ತಿ ಇತ್ತು, ಅರ್ತ್ ಸರಿಯಿತ್ತು, 5 ವೋಲ್ಟ್ ಮಾತ್ರ ಇರಲಿಲ್ಲ. ಸೆನ್ಸರ್‌ಗಳನ್ನು ಬಿಡಿಸಿದರೂ ಬರಲಿಲ್ಲ. ತಣ್ಣಗಾದ ಮೇಲೆ ತಾನಾಗಿ ಬಂತು. ಪೆಟ್ಟಿಗೆ ಬಿಚ್ಚಿದಾಗ ಎರಡು ಕೆಪಾಸಿಟರ್‌ಗಳ ಬುಡದಲ್ಲಿ ಕಂದು ಕಲೆ, ಪಕ್ಕದ ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು, ಮೂಗಿಗೆ ಹಳಸಿದ ಮೀನಿನಂಥ ವಾಸನೆ.

ಮೊದಲ ಗ್ಯಾರೇಜಿನವರ ಊಹೆ ಸರಿಯಾಗಿಯೇ ಇತ್ತಲ್ಲ ಎಂದು ಮಗಳು ಕೇಳಿದಳು. ನಿಜ. ಆದರೆ ಆ ಊಹೆಯಂತೆ ಬರಿಯ ಕಂಪ್ಯೂಟರ್ ಬದಲಾಯಿಸಿದ್ದರೆ ತುಕ್ಕು ಹಿಡಿದ ಅರ್ತ್ ಹಾಗೆಯೇ ಉಳಿಯುತ್ತಿತ್ತು. ಹೊಸ ಕಂಪ್ಯೂಟರಿಗೂ ಸುಳ್ಳು ಸುದ್ದಿಯೇ ಹೋಗುತ್ತಿತ್ತು. ಕಾರಿನಲ್ಲಿ ಎರಡು ಕಾಯಿಲೆಗಳಿದ್ದವು ಎಂದು ತಿಳಿದದ್ದು ಅಳೆದದ್ದರಿಂದ.

ಸರಿಯಾದ ಪೆಟ್ಟಿಗೆ ಹುಡುಕುವುದು

ನಮ್ಮ ಕಾರಿನ ಮಾದರಿಗೆ ಹೊಸ ಕಂಪ್ಯೂಟರ್ ಸಿಗುವುದು ನಿಂತುಹೋಗಿತ್ತು. ಉಳಿದ ದಾರಿ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ. ಅಲ್ಲಿನ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಬಿಚ್ಚಿದ ಕಾರುಗಳ ಭಾಗಗಳು ರಾಶಿ ಬಿದ್ದಿರುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. ಪೆಟ್ಟಿಗೆ ಒಂದೇ ಆಕಾರದ್ದಾಗಿದ್ದು, ಸಾಕೆಟ್ ಸರಿಯಾಗಿ ಕೂತರೂ ಅದು ನಮ್ಮ ಕಾರಿನದೇ ಎನ್ನುವಂತಿಲ್ಲ. ಮ್ಯಾನುಯಲ್ ಗೇರಿಗೆ ಒಂದು, ಆಟೋಮ್ಯಾಟಿಕ್‌ಗೆ ಇನ್ನೊಂದು. ಜಿ.ಸಿ.ಸಿ. ಸ್ಪೆಕ್ ಕಾರಿಗೆ ಒಂದು, ಅಮೆರಿಕನ್ ಸ್ಪೆಕ್ ಕಾರಿಗೆ ಇನ್ನೊಂದು. ಪೆಟ್ಟಿಗೆಯ ಚೀಟಿಯ ಮೇಲಿನ ಸಂಖ್ಯೆಯೇ ಅದರ ಜಾತಕ. ಉದಾಹರಣೆಗೆ ಟೊಯೊಟಾ ಎಂಜಿನ್ ಕಂಪ್ಯೂಟರುಗಳ ಸಂಖ್ಯೆ ಸಾಮಾನ್ಯವಾಗಿ 89661 ಎಂದು ಆರಂಭವಾಗುತ್ತದೆ. ಯಾವ ಮಾದರಿಯದು ಎಂದು ಹೇಳುವುದು ಅದರ ಮುಂದಿನ ಅಂಕಿಗಳು. ಯಾವುದೇ ಕಾರಾದರೂ ಮೊದಲ ಅಂಕಿಯಿಂದ ಕೊನೆಯ ಅಂಕಿಯವರೆಗೆ ಹೊಂದಬೇಕು. ಹಳೆಯ ಪೆಟ್ಟಿಗೆಯ ಚೀಟಿಯ ಫೋಟೋ ತೆಗೆದುಕೊಂಡು ಹೋಗುವುದು ಉತ್ತಮ.

ನಮಗೆ ಮೊದಲು ಸಿಕ್ಕ ಎರಡು ಪೆಟ್ಟಿಗೆಗಳು ಕೊನೆಯ ಅಂಕಿಗಳಲ್ಲಿ ಬೇರೆಯಾಗಿದ್ದವು. ಮೂರನೆಯದು ಹೊಂದಿತು. ಆದರೆ ಅದಕ್ಕೂ ನಮ್ಮ ಕಾರಿನಷ್ಟೇ ವಯಸ್ಸು, ಒಳಗಿರುವುದೂ ಅದೇ ಕಾಲದ ಕೆಪಾಸಿಟರ್‌ಗಳು! ಆದ್ದರಿಂದ ತಂದದ್ದನ್ನು ಹಾಗೆಯೇ ಹಾಕಲಿಲ್ಲ. ಎಲೆಕ್ಟ್ರಾನಿಕ್ಸ್ ದುರಸ್ತಿ ಮಾಡುವವರಲ್ಲಿ ಎಲ್ಲ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಬದಲಾಯಿಸಿಸಿದೆವು. ಹೊಸದರ ಮೈಕ್ರೋಫ್ಯಾರಡ್ ಅಂಕಿ ಹಳೆಯದರಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಬೇಕು, 85ರ ಬದಲು 105 ಡಿಗ್ರಿ ತಾಳುವಂಥದ್ದಾದರೆ ಮೇಲು. ಪಟ್ಟೆ ಇರುವ ಬದಿ ಋಣ ತುದಿ, ಅದನ್ನು ತಿರುಗಿಸಿ ಹಾಕಬಾರದು. ನಮ್ಮ ಹಳೆಯ ಬೋರ್ಡಿನಲ್ಲಿ ಹಲವು ಗೆರೆಗಳು ಪೂರ್ತಿ ತಿಂದುಹೋಗಿದ್ದವು. ಅಷ್ಟು ಹಾಳಾಗಿರದಿದ್ದರೆ ಅದನ್ನೇ ದುರಸ್ತಿ ಮಾಡಬಹುದಿತ್ತು.

ಸ್ವಲ್ಪ ಹೊಸ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಕಳ್ಳತನ ತಡೆಯಲು ಕೀಲಿಯೊಳಗೆ ಚಿಪ್ ಇಟ್ಟಿರುತ್ತಾರೆ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಂಥ ವ್ಯವಸ್ಥೆ ಕಡ್ಡಾಯವಾಯಿತು. ಅಂಥ ಕಾರಿಗೆ ಬೇರೆ ಕಾರಿನ ಕಂಪ್ಯೂಟರ್ ಹಾಕಿದರೆ ಅದು ನಮ್ಮ ಕೀಲಿಯನ್ನು ಗುರುತಿಸುವುದಿಲ್ಲ, ಎಂಜಿನ್ ಓಡುವುದಿಲ್ಲ. ಎರಡಕ್ಕೂ ಪರಿಚಯ ಮಾಡಿಸಿಕೊಡಬೇಕು. ಕೊಳ್ಳುವ ಮೊದಲೇ ಈ ಕೆಲಸ ಯಾರು ಮಾಡಿಕೊಡುತ್ತಾರೆ ಎಂದು ಕೇಳಿಕೊಳ್ಳಬೇಕು.

ಜೋಡಿಸುವ ಕ್ರಮ

ಪೆಟ್ಟಿಗೆ ಬದಲಾಯಿಸುವ ಕೆಲಸ ಕಷ್ಟವಲ್ಲ, ಆದರೆ ಕ್ರಮ ತಪ್ಪಬಾರದು. ಮಕ್ಕಳು ಇದನ್ನು ಬಲ್ಲವರು ಮಾಡುವಾಗ ನೋಡಿ ಕಲಿಯಬೇಕೇ ಹೊರತು ತಾವೇ ಕೈ ಹಾಕಬಾರದು.

1. ದೋಷದ ಸಂಕೇತಗಳನ್ನು ಮೊದಲೇ ಬರೆದುಕೊಳ್ಳಬೇಕು. ಹಳೆಯ ಕಾರುಗಳಲ್ಲಿ ಬ್ಯಾಟರಿ ತೆಗೆದೊಡನೆ ಅವು ಅಳಿಸಿಹೋಗುತ್ತವೆ. ರೇಡಿಯೋಗೆ ಗುಪ್ತ ಸಂಖ್ಯೆ ಇದ್ದರೆ ಅದನ್ನೂ ಬರೆದಿಡಬೇಕು.

2. ಇಂಜೆಕ್ಟರ್, ಐಡಲ್ ವಾಲ್ವ್, ಇಗ್ನಿಷನ್ ಕಾಯಿಲ್ ಇವುಗಳ ತಡೆಯನ್ನು ಅಳೆದು, ಕಾರಿನ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಬೇಕು. ಹಳೆಯ ಕಂಪ್ಯೂಟರನ್ನು ಸುಟ್ಟ ಶಾರ್ಟ್ ಹಾಗೆಯೇ ಉಳಿದಿದ್ದರೆ ಹೊಸದನ್ನೂ ಸುಡುತ್ತದೆ.

3. ಕೀ ತೆಗೆದು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಏರ್‌ಬ್ಯಾಗ್ ಇರುವ ಕಾರಾದರೆ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಟೊಯೊಟಾ ಕೈಪಿಡಿಗಳಲ್ಲಿ ಇದು ಕನಿಷ್ಠ 90 ಸೆಕೆಂಡ್. ಹಳದಿ ಬಣ್ಣದ ಸಾಕೆಟುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವನ್ನು ಮುಟ್ಟಬಾರದು.

4. ಪೆಟ್ಟಿಗೆ ಮುಟ್ಟುವ ಮೊದಲು ಕಾರಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆಯಬೇಕು. ಸಾಕೆಟ್ ತೆಗೆಯುವಾಗ ಕೊಂಡಿ ಒತ್ತಿ ಪ್ಲಾಸ್ಟಿಕ್ ಹಿಡಿದೇ ಎಳೆಯಬೇಕು, ತಂತಿ ಹಿಡಿದು ಅಲ್ಲ.

5. ಹೊಸ ಪೆಟ್ಟಿಗೆಗೆ ಸಾಕೆಟ್ 'ಟಕ್' ಎಂದು ಕೂರುವವರೆಗೆ ಒತ್ತಿ, ಹಳೆಯ ಬೋಲ್ಟುಗಳಿಂದಲೇ ಬಿಗಿಯಬೇಕು. ಬ್ಯಾಟರಿಯ ಋಣ ತುದಿಯನ್ನು ಕೊನೆಯಲ್ಲಿ ಜೋಡಿಸಬೇಕು.

6. ಕೀ ತಿರುಗಿಸಿದರೆ ಎಂಜಿನ್ ದೀಪ ಹೊತ್ತಬೇಕು, ಎಂಜಿನ್ ಓಡಿದೊಡನೆ ಆರಬೇಕು. ಮೊದಲ ಕೆಲವು ದಿನ ಐಡಲ್ ಸ್ವಲ್ಪ ಏರಿಳಿದರೆ ಗಾಬರಿಯಾಗಬೇಕಿಲ್ಲ, ಕಂಪ್ಯೂಟರ್ ಎಂಜಿನ್ನಿನ ಸ್ವಭಾವ ಕಲಿಯುತ್ತಿರುತ್ತದೆ. ಬಿಸಿಲಿನಲ್ಲಿ, ಎ.ಸಿ. ಹಾಕಿ, ಹತ್ತಿರದ ರಸ್ತೆಯಲ್ಲೇ ಓಡಿಸಿ ನೋಡಿದ ಮೇಲೆ ಮಾತ್ರ ದೂರ ಹೋಗಬೇಕು.

ನಮ್ಮ ಕಾರನ್ನು ಎರಡು ವಾರ ಹೀಗೆ ಮನೆಯ ಸುತ್ತಮುತ್ತ ಓಡಿಸಿದೆವು. ಒಮ್ಮೆಯೂ ನಿಲ್ಲಲಿಲ್ಲ. ಆ ಮೇಲೆ ಪಾಸಿಂಗ್‌ಗೆ ಕೊಂಡೊಯ್ದೆವು. ಪಾಸಾಯಿತು, ಮುಲ್ಕಿಯಾ ನವೀಕರಣವಾಯಿತು.

ಉಳಿಸಿಕೊಳ್ಳುವುದೇ, ಬಿಡುವುದೇ?

ಎಲ್ಲ ಹಳೆಯ ಕಾರುಗಳನ್ನೂ ಉಳಿಸಿಕೊಳ್ಳಬೇಕು ಎಂದು ನಾವು ಹೇಳುವುದಿಲ್ಲ. ಚಾಸಿ ತುಕ್ಕು ಹಿಡಿದಿದ್ದರೆ, ಎಂಜಿನ್ನೇ ಸವೆದಿದ್ದರೆ, ಅಪಘಾತದಲ್ಲಿ ಚೌಕಟ್ಟು ಬಾಗಿದ್ದರೆ ಕಂಪ್ಯೂಟರಿಗೆ ಖರ್ಚು ಮಾಡಿ ಫಲವಿಲ್ಲ. ಹೊಸ ಕಾರುಗಳಲ್ಲಿ ಹೆಚ್ಚಿನ ಸುರಕ್ಷತೆಯೂ ಇದೆ. ಆದರೆ ಉಳಿದೆಲ್ಲ ಗಟ್ಟಿಯಿರುವ ಕಾರನ್ನು ಒಂದು ಪೆಟ್ಟಿಗೆಯ ಹೆಸರಿನಲ್ಲಿ ಬಿಟ್ಟುಕೊಡುವ ಮೊದಲು ಪಾಲಕರು ಮೂರು ಪ್ರಶ್ನೆ ಕೇಳಲಿ: ಏನನ್ನು ಅಳೆದಿರಿ? ಎಷ್ಟು ಬಂತು? ಎಷ್ಟು ಬರಬೇಕಿತ್ತು? ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರಪಡುವುದಿಲ್ಲ, ಸಂತೋಷದಿಂದ ತೋರಿಸುತ್ತಾರೆ.

ಮಕ್ಕಳಿಗೂ ಇದರಲ್ಲಿ ಪಾಠವಿದೆ. ಓಮ್‌ನ ನಿಯಮ ಪರೀಕ್ಷೆಯ ಎರಡು ಅಂಕಕ್ಕಾಗಿ ಇರುವುದಲ್ಲ. ಮನೆಯ ದುಡ್ಡನ್ನೂ ರಸ್ತೆಯಲ್ಲಿ ಜೀವವನ್ನೂ ಕಾಯುವ ಶಕ್ತಿ ಅದಕ್ಕಿದೆ. ನಮ್ಮ ಕಾರಿನ ಹಳೆಯ ಬೋರ್ಡನ್ನು, ಮಗಳು ಬರೆದಿಟ್ಟ ಅಂಕಿಗಳ ಹಾಳೆಯ ಸಮೇತ, ಶಾಲೆಯ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಕೊಟ್ಟಿದ್ದೇವೆ. ಕೆಪಾಸಿಟರ್ ಸೋರಿದ ಕಲೆ, ತಾಮ್ರ ತಿಂದುಹೋದ ಗೆರೆ ಬರಿಗಣ್ಣಿಗೇ ಕಾಣುತ್ತವೆ. ಆಸಕ್ತಿಯುಳ್ಳವರು ಶಿಕ್ಷಕರನ್ನು ಕೇಳಿ, ಮಲ್ಟಿಮೀಟರ್ ಹಿಡಿದು, ಎಲ್ಲಿಂದ ಎಲ್ಲಿಗೆ ಸಂಪರ್ಕ ತಪ್ಪಿದೆ ಎಂದು ತಾವೇ ಅಳೆದು ನೋಡಬಹುದು.